ಅಮ್ಮನಿಗೆ ಇಷ್ಟವಾದ ಮಿಸ್ ಮಾರ್ಪಲ್ ಪುಸ್ತಕದವಳೇ ಅಲ್ಲವಂತೆ!

ಸಕಲೇಶಪುರದ ಮಳೆ

ಮೊನ್ನೆ ಭಾನುವಾರ ಅಮ್ಮನ ಜೊತೆ ಕೂತು ಹಳೆಯ ಇಂಗ್ಲಿಷ್ ಸಿನಿಮಾ ಒಂದನ್ನು ನೋಡಿದೆ. 1961ರದ್ದು, ಹೆಸರು ‘ಮರ್ಡರ್, ಶಿ ಸೆಡ್’. ಕಪ್ಪುಬಿಳುಪು. ಒಂದೂವರೆ ಗಂಟೆಯೂ ಇಲ್ಲ. ಅಮ್ಮನಿಗೆ ಕಣ್ಣಿನ ಪೊರೆ ಆಪರೇಷನ್ ಆಗಿ ಮೂರು ವಾರ ಆಯಿತು, ಈಗ ಟಿವಿ ನೋಡಬಹುದು ಅಂದಿದ್ದಾರೆ. ಇಂಗ್ಲಿಷ್ ಅಷ್ಟಕ್ಕಷ್ಟೆ. ಹಾಗಾಗಿ ನಾನು ಪಕ್ಕದಲ್ಲಿ ಕೂತು ಕನ್ನಡದಲ್ಲಿ ಹೇಳುತ್ತಾ ಹೋದೆ. ಅರ್ಧ ಗಂಟೆ ಕಳೆದ ಮೇಲೆ, "ನೀನು ಸುಮ್ನಿರು, ನಂಗೇ ಗೊತ್ತಾಗ್ತಿದೆ" ಅಂತ ಬಾಯಿ ಮುಚ್ಚಿಸಿದರು.

ಕತೆ ಗೊತ್ತಿಲ್ಲದವರಿಗೆ: ಮಿಸ್ ಮಾರ್ಪಲ್ ಅನ್ನೋ ಮುದುಕಿ ರೈಲಿನಲ್ಲಿ ಊರಿಗೆ ಹೋಗುತ್ತಿದ್ದಾಳೆ. ಪಕ್ಕದ ಹಳಿಯಲ್ಲಿ ಇನ್ನೊಂದು ಗಾಡಿ ಬರುತ್ತದೆ. ಅದರ ಕಿಟಕಿಯ ಪರದೆ ಪಟ್ಟಂತ ಮೇಲೆ ಹೋದಾಗ, ಒಳಗೆ ಯಾರೋ ಒಬ್ಬ ಹೆಂಗಸಿನ ಕತ್ತು ಹಿಸುಕುತ್ತಿರುವುದು ಕಾಣುತ್ತದೆ. ಮುಖ ಕಾಣುವುದಿಲ್ಲ, ಬೆನ್ನು ಮಾತ್ರ. ಟಿಕೆಟ್ ನೋಡುವವನಿಗೆ ಹೇಳಿದರೆ ಅವನು ಅವಳ ಕೈಯಲ್ಲಿದ್ದ ಪತ್ತೇದಾರಿ ಪುಸ್ತಕ ನೋಡಿ ನಗುತ್ತಾನೆ. ಪೊಲೀಸರು ಹುಡುಕಿದರೆ ಹೆಣವೇ ಇಲ್ಲ. ಅಲ್ಲಿಗೆ ಕೇಸ್ ಮುಗಿಯಿತು. ಅವಳಿಗೆ ಮುಗಿಯುವುದಿಲ್ಲ. ಹಳಿ ಪಕ್ಕದ ಒಂದು ದೊಡ್ಡ ಬಂಗಲೆಯಲ್ಲೇ ಹೆಣ ಇರಬೇಕು ಅಂತ ಲೆಕ್ಕ ಹಾಕಿ, ಅದೇ ಮನೆಗೆ ಕೆಲಸದವಳಾಗಿ ಸೇರಿಕೊಳ್ಳುತ್ತಾಳೆ!

ಅಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕರು. ಮಾರ್ಗರೆಟ್ ರುದರ್‌ಫರ್ಡ್ ಅಂತ ನಟಿಯ ಹೆಸರು. ಆ ಗದ್ದ, ಆ ಕಣ್ಣು, ಕೋಪ ಬಂದಾಗ ತುಟಿ ಬಿಗಿಯುವ ರೀತಿ! ಈಕೆಯ ಬೇರೆ ಸಿನಿಮಾ ಯಾವುದಿದೆ? ಅಮ್ಮನಿಗೆ ಬೇಕಂತೆ.

ಪುಸ್ತಕದ ಹುಳು

ಅಮ್ಮ ನಕ್ಕರಲ್ಲ, ಖುಷಿ. ಆದರೆ ಒಂದು ಮಾತು ಹೇಳದಿದ್ದರೆ ನನಗೆ ಊಟ ಸೇರುವುದಿಲ್ಲ. ಇದು ಮಿಸ್ ಮಾರ್ಪಲ್ ಅಲ್ಲ.

ಮೂಲ ಕಾದಂಬರಿ ಅಗಾಥಾ ಕ್ರಿಸ್ಟಿಯದು, ‘4.50 ಫ್ರಂ ಪ್ಯಾಡಿಂಗ್ಟನ್’, 1957. ಅದರಲ್ಲಿ ಕೊಲೆ ನೋಡುವವಳು ಮಾರ್ಪಲ್ ಅಲ್ಲವೇ ಅಲ್ಲ, ಅವಳ ಗೆಳತಿ ಮಿಸೆಸ್ ಮೆಕ್‌ಗಿಲಿಕಡಿ. ಬಂಗಲೆಗೆ ಕೆಲಸಕ್ಕೆ ಹೋಗುವವಳೂ ಮಾರ್ಪಲ್ ಅಲ್ಲ. ಲೂಸಿ ಐಲ್ಸ್‌ಬರೋ ಅನ್ನುವ ಯುವತಿ. ಆಕ್ಸ್‌ಫರ್ಡ್‌ನಲ್ಲಿ ಗಣಿತದಲ್ಲಿ ಮೊದಲ ದರ್ಜೆ ಪಡೆದು, ಪಾಠ ಹೇಳುವ ಬದಲು ಮನೆಗೆಲಸವನ್ನೇ ವೃತ್ತಿ ಮಾಡಿಕೊಂಡವಳು. ಯುದ್ಧ ಮುಗಿದ ಮೇಲೆ ಇಂಗ್ಲೆಂಡಿನಲ್ಲಿ ಒಳ್ಳೆ ಕೆಲಸದವರೇ ಸಿಗುತ್ತಿರಲಿಲ್ಲ, ಬಾಯಿಗೆ ಬಂದಷ್ಟು ಸಂಬಳ ಕೇಳಬಹುದಿತ್ತು. ಎಂಥ ಪಾತ್ರ ಅಲ್ವಾ? ಸಿನಿಮಾದವರು ಇಬ್ಬರನ್ನೂ ಎತ್ತಿ ಬಿಸಾಡಿ, ಮೂರು ಜನರ ಕೆಲಸವನ್ನು ಒಬ್ಬ ಮುದುಕಿಯ ತಲೆಗೆ ಕಟ್ಟಿದ್ದಾರೆ.

ಪುಸ್ತಕದ ಮಾರ್ಪಲ್ ತೆಳ್ಳಗೆ, ಉದ್ದಕ್ಕೆ, ಬಿಳಿ ಕೂದಲು, ಸದಾ ಕೈಯಲ್ಲಿ ಉಣ್ಣೆ ಹೆಣಿಗೆ. ಮೆತ್ತಗೆ ಮಾತಾಡುತ್ತಾಳೆ. ಈಕೆ ಆನೆ ನುಗ್ಗಿದ ಹಾಗೆ ನುಗ್ಗುತ್ತಾಳೆ. ಕ್ರಿಸ್ಟಿಗೇ ಈ ಸಿನಿಮಾಗಳು ಹಿಡಿಸಲಿಲ್ಲ.

ಗಡಿಬಿಡಿ ಗುಂಡ

ನಾನೂ ನೋಡಿದ್ದೇನೆ. ಕೊನೆಗೆ ಕೊಲೆಗಾರ ಯಾರು ಅಂತ ಗೊತ್ತಾದಾಗ ಶಾಕ್! ಅದು [ತೆಗೆಯಲಾಗಿದೆ]

ಮಾಡರೇಟರ್

ಗುಂಡ ಅವರೇ, 60 ವರ್ಷ ದಾಟಿದ ಸಿನಿಮಾ ಆದರೂ ನೋಡದವರು ಇದ್ದಾರೆ. ಕೊಲೆಗಾರನ ಹೆಸರು ಹೇಳಬೇಡಿ.

ಗಡಿಬಿಡಿ ಗುಂಡ

ಸರಿ ಸ್ವಾಮಿ. ಸುಳಿವಾದರೂ ಕೊಡಬಹುದಾ?

ಮಾಡರೇಟರ್

ಬೇಡ.

ರೈಲು ರಂಗಣ್ಣ

ರಿಟೈರ್ ಆದ ಗಾರ್ಡ್ ನಾನು. ಈ ಸಿನಿಮಾವನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ, ಆದರೆ ಪ್ರತಿ ಸಲ ಮೊದಲ ಹತ್ತು ನಿಮಿಷಕ್ಕಾಗಿ.

ಪರದೆ ಪಟ್ಟಂತ ಮೇಲೆ ಹೋಗುವುದು ಹೇಗೆ ಅಂತ ಈಗಿನವರಿಗೆ ಗೊತ್ತಾಗಲಿಕ್ಕಿಲ್ಲ. ಅದು ಬಟ್ಟೆಯ ಸುರುಳಿ, ಒಳಗೆ ಸ್ಪ್ರಿಂಗ್. ಕೆಳಗೆ ಎಳೆದು ಸರಿಯಾಗಿ ಸಿಕ್ಕಿಸದಿದ್ದರೆ ಗಾಡಿ ಕುಲುಕಿದಾಗ ತಾನೇ ಜಿಗಿಯುತ್ತದೆ. ಒಂದು ಸಡಿಲ ಪರದೆಯ ಮೇಲೆ ಇಡೀ ಕತೆ ನಿಂತಿದೆ ನೋಡಿ. ಇನ್ನೊಂದು, ಗಾಡಿಯಲ್ಲಿ ಕೂಪೆಗಳಿವೆ. ಬಾಗಿಲು ಹಾಕಿಕೊಂಡರೆ ಒಳಗೇನು ನಡೆದರೂ ಪಕ್ಕದವರಿಗೆ ತಿಳಿಯದು. ಈಗಿನ ಉದ್ದ ಹಾಲ್ ಥರದ ಬೋಗಿಯಲ್ಲಿ ಈ ಕೊಲೆ ಮಾಡಲಿಕ್ಕೇ ಆಗುವುದಿಲ್ಲ.

ಎರಡು ಗಾಡಿ ಒಂದೇ ದಿಕ್ಕಿಗೆ ಪಕ್ಕಪಕ್ಕ ಓಡುವುದೂ ಸುಳ್ಳಲ್ಲ. ಲಂಡನ್ನಿನ ಪ್ಯಾಡಿಂಗ್ಟನ್ ಸ್ಟೇಷನ್‌ನಿಂದ ಡಿಡ್‌ಕಟ್‌ವರೆಗೆ ನಾಲ್ಕು ಹಳಿ. ಎರಡು ಮೇನ್ ಲೈನ್, ಎರಡು ರಿಲೀಫ್ ಲೈನ್. ವೇಗದ ಗಾಡಿಗೆ ಒಂದು ಜೋಡಿ, ನಿಂತು ನಿಂತು ಹೋಗುವ ಗಾಡಿಗೆ ಇನ್ನೊಂದು. ಎರಡರ ವೇಗ ಸ್ವಲ್ಪ ಹೊತ್ತು ಹೊಂದಿಬಿಟ್ಟರೆ ಎದುರಿನ ಕಿಟಕಿ ನಿಂತ ಹಾಗೇ ಕಾಣುತ್ತದೆ. ಎದುರುಬದುರು ಬರುವ ಗಾಡಿಯಾದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಹೋಯಿತು, ಕೊಲೆಯೂ ಕಾಣದು, ಕತೆಯೂ ಹುಟ್ಟದು.

ಆಮೇಲೆ ಮಿಸ್ ಮಾರ್ಪಲ್ ಹಳಿ ರಿಪೇರಿ ಮಾಡುವ ಗ್ಯಾಂಗ್‌ಮನ್ ವೇಷ ಹಾಕಿ ಹಳಿ ಮೇಲೆ ಸುಳಿವು ಹುಡುಕುವ ದೃಶ್ಯ. ನಮ್ಮ ಗ್ಯಾಂಗ್‌ನವರು ನೋಡಿದ್ದರೆ ಅವಳನ್ನು ಸೀದಾ ಸ್ಟೇಷನ್ ಮಾಸ್ಟರ್ ಹತ್ತಿರ ಕರೆದೊಯ್ಯುತ್ತಿದ್ದರು.

ಸ್ಲೌ ಸುಬ್ಬಿ

ರಂಗಣ್ಣ, ನಾನು ದಿನಾ ಅದೇ ದಾರಿಯಲ್ಲಿ ಓಡಾಡುವವಳು! ಸ್ಲೌನಲ್ಲಿ ಮನೆ, ಆಫೀಸ್ ಲಂಡನ್. ಒಂದು ಸಣ್ಣ ತಿದ್ದುಪಡಿ. ಒಂದೇ ದಿಕ್ಕಿನ ಎರಡು ಹಳಿ ಅಕ್ಕಪಕ್ಕ ಇಲ್ಲ. ನಡುವೆ ಎದುರು ದಿಕ್ಕಿನ ಒಂದು ಹಳಿ ಇದೆ. ಹಾಗಾಗಿ ಆಚೆ ಗಾಡಿ ಸ್ವಲ್ಪ ದೂರದಲ್ಲೇ ಕಾಣುತ್ತದೆ. ಆದರೂ ಮುಖಗಳು ಕಾಣುತ್ತವೆ. ಈಗ ರಿಲೀಫ್ ಲೈನ್ ಮೇಲೆ ಎಲಿಜಬೆತ್ ಲೈನ್ ಗಾಡಿಗಳು ಓಡುತ್ತವೆ, ನಾನಿರುವುದು ಅದರಲ್ಲೇ. ಆಚೆಯಿಂದ ವೇಗದ ಗಾಡಿ ಬಂದು ನಮ್ಮನ್ನು ನಿಧಾನಕ್ಕೆ ಹಿಂದೆ ಹಾಕುವಾಗ ಪ್ರತಿಯೊಬ್ಬರೂ ಏನು ಮಾಡುತ್ತಿದ್ದಾರೆ ಅಂತ ನೋಡಬಹುದು. ಎಲ್ಲರೂ ಫೋನ್ ನೋಡುತ್ತಿರುತ್ತಾರೆ. ಕೊಲೆ ನಡೆದರೂ ನೋಡುವವರಿಲ್ಲ.

ಮಳೆ ಅವರೇ, ನಿಮ್ಮ ಅಮ್ಮನಿಗೆ ಹೇಳಿ: ಸಿನಿಮಾದಲ್ಲಿ ಮಾರ್ಪಲ್‌ಳ ಊರು ಅಂತ ತೋರಿಸುವುದು ಇಲ್ಲೇ ಹತ್ತಿರದ ಡೆನ್‌ಹ್ಯಾಮ್. ಒಂದು ಬೇಸಿಗೆಯಲ್ಲಿ ನಡೆದು ನೋಡಿ ಬಂದೆ. ಇಟ್ಟಿಗೆ ಮನೆಗಳು, ಒಂದೇ ಬೀದಿ. ಐದೇ ನಿಮಿಷಕ್ಕೆ ಊರು ಮುಗಿಯಿತು.

ಕರಾವಳಿ ಕಾಕಾ

ಮಾರಾಯ್ರೆ, ಯಾರೂ ಅಡುಗೆ ಬಗ್ಗೆ ಮಾತಾಡುವುದೇ ಇಲ್ಲವಲ್ಲ! ಪುಸ್ತಕದಲ್ಲಿ ಲೂಸಿ ಕೋಳಿ ಕರಿ ಮಾಡುತ್ತಾಳೆ. ಆ ರಾತ್ರಿ ಇಡೀ ಮನೆಗೆ ವಾಂತಿ. ಆರ್ಸೆನಿಕ್. ನನಗೆ ಓದುವಾಗ ಸಿಟ್ಟು ಬಂತು. ಹೊಟ್ಟೆ ಕೆಟ್ಟ ಕೂಡಲೇ ಅನುಮಾನ ಬರುವುದು ಕರಿಯ ಮೇಲೆ! ಅಣಬೆ ಸೂಪ್ ಕೂಡ ಇತ್ತಲ್ಲ ಮೇಜಿನ ಮೇಲೆ. ನಮ್ಮ ಕೋರಿ ಗಸಿ ಇಷ್ಟು ವರ್ಷದಲ್ಲಿ ಯಾರನ್ನೂ ಕೊಂದಿಲ್ಲ.

ಪುಸ್ತಕದ ಹುಳು

ಹ್ಹಹ್ಹ, ಅಣಬೆ ಸೂಪ್ ಮೇಲೂ ಅನುಮಾನ ಬೀಳುತ್ತದೆ ಕಾಕಾ. ಆದರೆ ವಿಷದ ವಿಷಯದಲ್ಲಿ ಕ್ರಿಸ್ಟಿ ಸುಮ್ನೆ ಬರೆಯುವವರಲ್ಲ. ಮೊದಲ ಮಹಾಯುದ್ಧದಲ್ಲಿ ಟಾರ್ಕೀ ಆಸ್ಪತ್ರೆಯಲ್ಲಿ ನರ್ಸಿಂಗ್ ಮಾಡಿ, ಆಮೇಲೆ ಅಲ್ಲೇ ಔಷಧಿ ಕೊಡುವ ವಿಭಾಗದಲ್ಲಿ ಕೆಲಸ ಮಾಡಿದವರು. ಯಾವ ಪುಡಿ ಎಷ್ಟು ತೂಕಕ್ಕೆ ಮದ್ದು, ಎಷ್ಟಕ್ಕೆ ವಿಷ ಅಂತ ಕೈಯಲ್ಲೇ ಅಳೆದವರು.

ಸಕಲೇಶಪುರದ ಮಳೆ

ಹುಳು ಸರ್, ನಿಮ್ಮ ಮಾತನ್ನು ಅಮ್ಮನಿಗೆ ಓದಿ ಹೇಳಿದೆ. ಪುಸ್ತಕದಲ್ಲಿ ಆಕ್ಸ್‌ಫರ್ಡ್ ಓದಿದ ಹುಡುಗಿಯನ್ನು ಕಳಿಸುತ್ತಾರೆ, ಸಿನಿಮಾದಲ್ಲಿ ಮುದುಕಿಯೇ ಹೋಗುತ್ತಾಳೆ, ಅದು ತಪ್ಪು ಅನ್ನುತ್ತಿದ್ದಾರೆ ಅಂತ.

ಅಮ್ಮ ಸೊಪ್ಪು ಬಿಡಿಸುತ್ತಿದ್ದರು. ತಲೆ ಎತ್ತದೆ ಹೇಳಿದ್ದು ಇಷ್ಟು: "ಅಷ್ಟು ಓದಿದ ಹುಡುಗಿ ಪಾತ್ರೆ ತೊಳೆಯೋಕೆ ಬಂದ್ರೆ ನಾಲ್ಕು ಜನ ತಿರುಗಿ ನೋಡ್ತಾರೆ. ಮನೇಲಿರೋ ಗಂಡಸರೆಲ್ಲ ಅಡುಗೆಮನೆಗೇ ಬಂದು ನಿಲ್ತಾರೆ. ಮುದುಕಿ ಬಂದ್ರೆ ಯಾರ್ ನೋಡ್ತಾರೆ? ಪೊಲೀಸ್ನೋರು ಅವಳ ಮಾತು ಕೇಳ್ಲಿಲ್ಲ ಅಲ್ವಾ, ಯಾಕೆ? ಮುದುಕಿ ಅಂತ. ಈ ಮನೆಯೋರು ಅವಳನ್ನ ಒಳಗೆ ಬಿಟ್ಕೊಂಡ್ರು ಅಲ್ವಾ, ಯಾಕೆ? ಮುದುಕಿ ಅಂತ."

ನನಗೆ ಆಮೇಲೆ ಏನೂ ಮಾತು ಬರಲಿಲ್ಲ. ಸರ್, ಪುಸ್ತಕದಲ್ಲಿ ಗಂಡಸರೆಲ್ಲ ಅಡುಗೆಮನೆಗೆ ಬರುತ್ತಾರಾ?

ಪುಸ್ತಕದ ಹುಳು

ಬರುತ್ತಾರೆ. ಒಬ್ಬೊಬ್ಬರಾಗಿ ಲೂಸಿಯ ಹಿಂದೆ ಬೀಳುತ್ತಾರೆ. ಮನೆಯ ಮುದುಕ ಯಜಮಾನನೂ ಬಿಡುವುದಿಲ್ಲ. ನಿಮ್ಮ ಅಮ್ಮ ಪುಸ್ತಕ ಓದಿಲ್ಲ ಅಂತೀರಾ?

ಸಕಲೇಶಪುರದ ಮಳೆ

ಓದಿಲ್ಲ ಸರ್. ಮೂವತ್ತು ವರ್ಷ ದೊಡ್ಡ ಸಂಸಾರದಲ್ಲಿ ಅಡುಗೆ ಮಾಡಿದ್ದಾರೆ.

ತಾರಾ ಟಾಕೀಸ್

ತಡವಾಗಿ ಬಂದೆ. ಹುಳು ಅವರೇ, ನಿಮ್ಮ ಪ್ರಕಾರ ನಿಜವಾದ ಮಿಸ್ ಮಾರ್ಪಲ್ ಯಾರು?

ಪುಸ್ತಕದ ಹುಳು

ಇದು ಕೇಳುವ ಪ್ರಶ್ನೆಯಾ? ಜೋನ್ ಹಿಕ್ಸನ್. ಬಿಬಿಸಿ, 1984ರಿಂದ 1992. ಹನ್ನೆರಡು ಕಾದಂಬರಿಗಳನ್ನೂ ಮಾಡಿದರು. ತೆಳ್ಳಗೆ, ಸದ್ದಿಲ್ಲದೆ, ಕಣ್ಣಲ್ಲೇ ಎಲ್ಲ. ಪ್ಯಾಡಿಂಗ್ಟನ್ ಕತೆಯನ್ನು 1987ರಲ್ಲಿ ಮಾಡುವಾಗ ಆಕೆಗೆ 80 ದಾಟಿತ್ತು.

ತಾರಾ ಟಾಕೀಸ್

ಸರಿ. ಈಗ ಮಳೆ ಅವರ ಅಮ್ಮ ನೋಡಿದ 1961ರ ಸಿನಿಮಾವನ್ನು ಮತ್ತೆ ಹಾಕಿ. ಬಂಗಲೆಗೆ ಮಾರ್ಪಲ್ ಕೆಲಸಕ್ಕೆ ಬಂದಾಗ ಅಲ್ಲಿ ಮೊದಲೇ ಕೆಲಸ ಮಾಡುವ ಒಬ್ಬ ಗಂಟುಮುಖದ ಹೆಂಗಸು ಇದ್ದಾಳಲ್ಲ, ಮಿಸೆಸ್ ಕಿಡರ್? ಆ ಮುಖವನ್ನು ಸರಿಯಾಗಿ ನೋಡಿ.

ಪುಸ್ತಕದ ಹುಳು

ಇಲ್ಲ.

ಇಲ್ಲ ಇಲ್ಲ.

ಈಗಷ್ಟೇ ನೋಡಿ ಬಂದೆ. ಅಯ್ಯೋ ದೇವರೇ, ಹಿಕ್ಸನ್!

ತಾರಾ ಟಾಕೀಸ್

ಹೌದು ಸ್ವಾಮಿ. ಒಂದೇ ಅಡುಗೆಮನೆಯಲ್ಲಿ ಇಬ್ಬರು ಮಾರ್ಪಲ್‌ಗಳು. ಇನ್ನೂ ಮಜಾ ಇದೆ. 1940ರ ದಶಕದಲ್ಲೇ ಕ್ರಿಸ್ಟಿ ತಮ್ಮ ಒಂದು ನಾಟಕದಲ್ಲಿ ಹಿಕ್ಸನ್ ನಟನೆ ನೋಡಿ, ಮುಂದೊಂದು ದಿನ ನೀವು ನನ್ನ ಮಿಸ್ ಮಾರ್ಪಲ್ ಆಗಬೇಕು ಅಂತ ಚೀಟಿ ಬರೆದಿದ್ದರು. ಆ ದಿನ ಬರಲು ಸುಮಾರು ನಾಲ್ಕು ದಶಕ ಹಿಡಿಯಿತು. ನಡುವೆ ಬಂದದ್ದು ಈ ಕೆಲಸದವಳ ಪಾತ್ರ!

ಇನ್ನೊಂದು ಕಾಕತಾಳೀಯ. ಪುಸ್ತಕದಲ್ಲಿ ಆ ಬಂಗಲೆಯ ಹೆಸರು ಏನು, ಹುಳು ಅವರೇ?

ಪುಸ್ತಕದ ಹುಳು

ರುದರ್‌ಫರ್ಡ್ ಹಾಲ್. ಇಷ್ಟು ವರ್ಷ ಓದಿದ್ದೇನೆ, ಹೊಳೆದೇ ಇರಲಿಲ್ಲ. ಸಿನಿಮಾದಲ್ಲಿ ಅದನ್ನು ಆಕೆನ್‌ಥೋರ್ಪ್ ಹಾಲ್ ಮಾಡಿದ್ದಾರೆ. ರುದರ್‌ಫರ್ಡ್ ಹೋಗಿ ರುದರ್‌ಫರ್ಡ್ ಹಾಲ್‌ನಲ್ಲಿ ನೆಲ ಒರೆಸಿದರೆ ಜನ ನಗುತ್ತಾರೆ ಅಂತ ಇರಬಹುದು.

ಸ್ಲೌ ಸುಬ್ಬಿ

ಕ್ರಿಸ್ಟಿಗೆ ಸಿನಿಮಾ ಹಿಡಿಸಲಿಲ್ಲ ಅಂದಿರಿ. ರುದರ್‌ಫರ್ಡ್ ಮೇಲೂ ಕೋಪ ಇತ್ತಾ?

ತಾರಾ ಟಾಕೀಸ್

ಅದೇ ಇಲ್ಲ. 1962ರಲ್ಲಿ ಬಂದ ಮುಂದಿನ ಮಾರ್ಪಲ್ ಕಾದಂಬರಿಯನ್ನು ಕ್ರಿಸ್ಟಿ ಅರ್ಪಿಸಿರುವುದೇ ಮಾರ್ಗರೆಟ್ ರುದರ್‌ಫರ್ಡ್‌ಗೆ. ಸಿನಿಮಾ ಬೇಡ, ನಟಿ ಬೇಕು.

ಈಗ ಸ್ವಲ್ಪ ಉದ್ದ ಬರೆಯುತ್ತೇನೆ, ಕ್ಷಮಿಸಿ. ಈಕೆಯ ಬದುಕು ಗೊತ್ತಾದ ಮೇಲೆ ನನಗೆ ಈ ನಗೆ ಸಿನಿಮಾ ಬೇರೆ ಥರ ಕಾಣತೊಡಗಿತು.

ರುದರ್‌ಫರ್ಡ್ ಹುಟ್ಟಿದ್ದು 1892ರಲ್ಲಿ, ಲಂಡನ್‌ನಲ್ಲಿ. ಅದಕ್ಕೆ ಒಂಬತ್ತು ವರ್ಷ ಮುಂಚೆ, 1883ರಲ್ಲಿ, ಆಕೆಯ ಅಪ್ಪ ಮಾನಸಿಕ ಕಾಯಿಲೆಯ ಹೊತ್ತಿನಲ್ಲಿ ತನ್ನ ಸ್ವಂತ ಅಪ್ಪನನ್ನೇ ಕೊಂದಿದ್ದರು. ಸತ್ತವರು ಪಾದ್ರಿ. ಅಪ್ಪನನ್ನು ಬ್ರಾಡ್‌ಮೂರ್ ಎಂಬ ಹುಚ್ಚಾಸ್ಪತ್ರೆಯಲ್ಲಿ ಇಟ್ಟರು. ಕೆಲವು ವರ್ಷದ ಮೇಲೆ ಬಿಟ್ಟರು. ಬೆನ್ ಅಂತ ಇದ್ದ ಮನೆತನದ ಹೆಸರನ್ನು ಬಿಟ್ಟು ರುದರ್‌ಫರ್ಡ್ ಅಂತ ಇಟ್ಟುಕೊಂಡು, ಮಗು ಹುಟ್ಟಿದ ಮೇಲೆ ಸಂಸಾರ ಸಮೇತ ಹೊಸ ಬದುಕು ಹುಡುಕಿಕೊಂಡು ಬಂದದ್ದು ಎಲ್ಲಿಗೆ ಗೊತ್ತಾ? ಮದ್ರಾಸಿಗೆ. ಅಲ್ಲಿ ತಾಯಿ ಜೀವ ಕಳೆದುಕೊಂಡರು. ಮಗುವಿಗೆ ಆಗ ಮೂರು ವರ್ಷ. ಮಗುವನ್ನು ವಿಂಬಲ್ಡನ್‌ನಲ್ಲಿದ್ದ ಚಿಕ್ಕಮ್ಮನ ಹತ್ತಿರ ಕಳಿಸಿದರು. ಅಪ್ಪನೂ ತೀರಿಕೊಂಡರು ಅಂತಲೇ ಹೇಳಿ ಬೆಳೆಸಿದರು. ಅಪ್ಪ ಬದುಕಿದ್ದಾರೆ, ಮತ್ತೆ ಬ್ರಾಡ್‌ಮೂರ್‌ನಲ್ಲಿದ್ದಾರೆ ಅನ್ನುವುದು ತಿಳಿದದ್ದು ಆಮೇಲೆ.

ಬಹಳ ವರ್ಷ ಪಿಯಾನೋ ಪಾಠ ಹೇಳಿಕೊಂಡಿದ್ದರು. ನಾಟಕಕ್ಕೆ ಬಂದದ್ದು 1925ರಲ್ಲಿ, 33ನೇ ವಯಸ್ಸಿನಲ್ಲಿ. ಇಂಥವರಿಗೆ ಕೊಲೆ ಕತೆಯಲ್ಲಿ ನಗಿಸುವ ಪಾತ್ರ ಕೊಟ್ಟರೆ ಹೇಗಾಗಬೇಡ? ಮೊದಲು ಹಿಂದೇಟು ಹಾಕಿದರು. ಒಪ್ಪಿಸಿದ್ದು ನಿರ್ದೇಶಕ ಜಾರ್ಜ್ ಪೊಲಾಕ್. ಆಗ ಆಕೆಗೆ ಹತ್ತಿರ ಹತ್ತಿರ ಎಪ್ಪತ್ತು.

ಕರಾವಳಿ ಕಾಕಾ

ಇದೆಲ್ಲ ಗೊತ್ತಿರಲಿಲ್ಲ. ಆ ಕೂಪೆ ದೃಶ್ಯ ಇನ್ನು ಹೇಗೆ ನೋಡುವುದು?

ರೈಲು ರಂಗಣ್ಣ

ಅವಳು ಯಾಕೆ ಆ ಕೊಲೆಯನ್ನು ಅಷ್ಟು ಸುಲಭಕ್ಕೆ ಬಿಡುವುದಿಲ್ಲ ಅಂತ ನನಗೂ ಈಗ ಬೇರೆ ಥರ ಅನಿಸುತ್ತಿದೆ. ಬರೆದವರು ಹಾಗೆ ಯೋಚಿಸಿರಲಿಕ್ಕಿಲ್ಲ, ಆದರೂ.

ಗಡಿಬಿಡಿ ಗುಂಡ

ಅದಿರಲಿ, ಆಕೆಯ ಜೊತೆ ಓಡಾಡುವ ಆ ಬಡಪಾಯಿ ಲೈಬ್ರರಿಯನ್ ಯಾರು? ಮಿಸ್ಟರ್ ಸ್ಟ್ರಿಂಗರ್? ಸದಾ ಹೆದರಿಕೊಂಡೇ ಇರುತ್ತಾನೆ. ನನಗೆ ಅವನೇ ಇಷ್ಟ. ಇದು ಕೊಲೆಗಾರನ ಸುಳಿವು ಅಲ್ಲ, ಮಾಡರೇಟರ್ ಸರ್.

ತಾರಾ ಟಾಕೀಸ್

ಗುಂಡಣ್ಣ, ಒಳ್ಳೆಯ ಪ್ರಶ್ನೆ ಕೇಳಿದಿರಿ. ಆ ಪಾತ್ರ ಪುಸ್ತಕದಲ್ಲಿ ಇಲ್ಲವೇ ಇಲ್ಲ. ನಟ ಸ್ಟ್ರಿಂಗರ್ ಡೇವಿಸ್, ರುದರ್‌ಫರ್ಡ್ ಅವರ ನಿಜವಾದ ಗಂಡ. ಅವರಿಗಾಗಿಯೇ ಹುಟ್ಟಿಸಿದ ಪಾತ್ರ, ಹೆಸರೂ ಅವರದ್ದೇ. ಇಬ್ಬರೂ ಮದುವೆಯಾದದ್ದು 1945ರಲ್ಲಿ, ಆಕೆಗೆ ಐವತ್ತು ದಾಟಿದ ಮೇಲೆ. ವರನ ತಾಯಿಗೆ ಒಪ್ಪಿಗೆ ಇರಲಿಲ್ಲ, ಆಕೆ ತೀರಿಕೊಳ್ಳುವವರೆಗೆ ಕಾದರು. ಆಮೇಲೆ ರುದರ್‌ಫರ್ಡ್ ಇರುವ ಸಿನಿಮಾಗಳಲ್ಲೆಲ್ಲ ಹೆಚ್ಚುಕಡಿಮೆ ಆತನೂ ಇರುತ್ತಾನೆ. ಒಂದು ಕಡೆ ವೇಟರ್, ಇನ್ನೊಂದು ಕಡೆ ಇನ್ನೇನೋ. ಮಾರ್ಪಲ್ ಸಿನಿಮಾಗಳಲ್ಲಿ ಮಾತ್ರ ತುಂಬು ಪಾತ್ರ.

ಮಳೆ ಅವರೇ, ಬೇರೆ ಸಿನಿಮಾ ಕೇಳಿದ್ದಿರಿ. ಇದೇ ಸಾಲಿನಲ್ಲಿ ಇನ್ನೂ ಮೂರು ಇವೆ. ‘ಮರ್ಡರ್ ಅಟ್ ದ ಗ್ಯಾಲಪ್’, 1963. ಇದರಲ್ಲಿ ಆಕೆ ಕುದುರೆ ಸವಾರಿ ಮಾಡುತ್ತಾರೆ, ಗಂಡನ ಜೊತೆ ಟ್ವಿಸ್ಟ್ ಕುಣಿಯುತ್ತಾರೆ. ಅಮ್ಮನಿಗೆ ಮೊದಲು ಇದನ್ನೇ ತೋರಿಸಿ. ‘ಮರ್ಡರ್ ಮೋಸ್ಟ್ ಫೌಲ್’, 1964. ಕೋರ್ಟಿನ ಜ್ಯೂರಿಯಲ್ಲಿ ಕೂತು, ಹನ್ನೊಂದು ಜನ ತಪ್ಪಿತಸ್ಥ ಅಂದರೂ ಒಬ್ಬಳೇ ಒಪ್ಪದೆ ಇರುತ್ತಾಳೆ. ಆಮೇಲೆ ‘ಮರ್ಡರ್ ಅಹಾಯ್’, ಹಡಗಿನ ಕತೆ, ಕತ್ತಿವರಸೆ ಎಲ್ಲ ಇದೆ. ನಾಲ್ಕಕ್ಕೂ ರಾನ್ ಗುಡ್‌ವಿನ್ ಸಂಗೀತ. ಆ ಶುರುವಿನ ಟ್ಯೂನ್ ಒಂದು ಸಲ ಕಿವಿಗೆ ಬಿದ್ದರೆ ವಾರ ಹೋಗುವುದಿಲ್ಲ.

ಪುಸ್ತಕದ ಹುಳು

ಗ್ಯಾಲಪ್ ಮತ್ತು ಫೌಲ್ ಎರಡೂ ಮೂಲದಲ್ಲಿ ಕ್ರಿಸ್ಟಿಯ ಇನ್ನೊಬ್ಬ ಪತ್ತೇದಾರ ಪೊಯ್ರೋನ ಕಾದಂಬರಿಗಳು! ಮೀಸೆಯ ಬೆಲ್ಜಿಯನ್ನನ ಕೇಸ್ ಕಿತ್ತು ಈಕೆಗೆ ಕೊಟ್ಟಿದ್ದಾರೆ. ಅಹಾಯ್‌ಗಂತೂ ಕ್ರಿಸ್ಟಿಯ ಕತೆಯೇ ಇಲ್ಲ, ಸಿನಿಮಾದವರೇ ಹೊಸೆದದ್ದು. ಕ್ರಿಸ್ಟಿಗೆ ಎಲ್ಲಕ್ಕಿಂತ ಜಾಸ್ತಿ ಸಿಟ್ಟು ಬಂದದ್ದು ಅದಕ್ಕೇ. ಅಲ್ಲಿ ನಾನು ಕ್ರಿಸ್ಟಿ ಪಕ್ಷ, ಮಳೆ ಅವರ ಅಮ್ಮ ಏನಂದರೂ ಸರಿ. ಮೊದಲನೆಯದಕ್ಕೆ ಮಾತ್ರ ಸುಮ್ಮನಾಗುತ್ತೇನೆ. ಮುದುಕಿ ಬಂದರೆ ಯಾರು ನೋಡುತ್ತಾರೆ ಅನ್ನುವ ಮಾತು ನನ್ನ ತಲೆಯಿಂದ ಹೋಗುತ್ತಿಲ್ಲ. ಪುಸ್ತಕದ ಮಾರ್ಪಲ್‌ಳ ಗುಟ್ಟೂ ಅದೇ ಅಲ್ವಾ. ಹೆಣಿಗೆ ಹಾಕುತ್ತಾ ಮೂಲೆಯಲ್ಲಿ ಕೂತವಳ ಎದುರಿಗೆ ಎಲ್ಲರೂ ಎಲ್ಲವನ್ನೂ ಮಾತಾಡುತ್ತಾರೆ.

ಸ್ಲೌ ಸುಬ್ಬಿ

ಬಂಗಾಳಿಯಲ್ಲಿ ಋತುಪರ್ಣೋ ಘೋಷ್ 2003ರಲ್ಲಿ ‘ಶುಭೋ ಮಹುರತ್’ ಮಾಡಿದ್ದಾರೆ, ನೋಡಿದ್ದೀರಾ? ತಾರಾ ಅವರು ಹೇಳಿದ ಆ ಅರ್ಪಣೆಯ ಕಾದಂಬರಿಯದ್ದೇ ಕತೆ. ರಾಖಿ ಅದರಲ್ಲಿ ಪಿಶಿಮಾ, ಅಂದರೆ ಸೋದರತ್ತೆ. ಮನೆ ಬಿಟ್ಟು ಹೊರಗೆ ಹೋಗುವುದೇ ಅಪರೂಪ. ಅಡುಗೆಮನೆಯಲ್ಲೇ ಕೇಸ್ ಬಿಡಿಸುತ್ತಾರೆ. ಮಳೆ ಅವರ ಅಮ್ಮನಿಗೆ ಇದು ಇನ್ನೂ ಹತ್ತಿರ ಆಗಬಹುದು.

ಕರಾವಳಿ ಕಾಕಾ

ಅಲ್ಲಿ ಮೀನಿನ ಅಡುಗೆ ಇದ್ದರೆ ನಾನೂ ನೋಡುತ್ತೇನೆ.

ಸಕಲೇಶಪುರದ ಮಳೆ

ಎಲ್ಲರಿಗೂ ಥ್ಯಾಂಕ್ಸ್. ಇವತ್ತು ಸಂಜೆ ಗ್ಯಾಲಪ್ ಹಾಕೋಣ ಅಂತಿದ್ದೆ. ಅದಕ್ಕೂ ಮೊದಲು, ಆ ಲೈಬ್ರರಿಯನ್ ಆಕೆಯ ನಿಜವಾದ ಗಂಡ ಅಂತ ಅಮ್ಮನಿಗೆ ಹೇಳಿದೆ. ತಪ್ಪು ಮಾಡಿದೆ.

"ಹೌದಾ! ಮತ್ತೆ ಮೊದಲನೆಯದನ್ನೇ ಹಾಕು" ಅಂದರು. ಈ ಸಲ ಕೊಲೆ, ಪೊಲೀಸ್, ಬಂಗಲೆ ಏನೂ ಬೇಡ. ಆತ ಬರುವ ದೃಶ್ಯ ಮಾತ್ರ ಬೇಕು. ಆಕೆ ಏನೋ ಅಪಾಯದ ಕೆಲಸ ಹೇಳಿದಾಗ ಆತ ಬೇಡ ಬೇಡ ಅಂತ ಗೊಣಗಿ, ಕೊನೆಗೆ ಮಾಡಿಯೇ ಮಾಡುವುದನ್ನು ಎರಡು ಸಲ ಹಿಂದೆ ಹಾಕಿಸಿ ನೋಡಿದರು.

ಕೊನೆಯಲ್ಲಿ ಆ ಸಿಡುಕು ಮುದುಕ ಯಜಮಾನ, ನಿನ್ನ ಅಡುಗೆ ಪರವಾಗಿಲ್ಲ, ನನ್ನನ್ನು ಮದುವೆಯಾಗು ಅನ್ನುವ ಧಾಟಿಯಲ್ಲಿ ಕೇಳುತ್ತಾನಲ್ಲ? ಆಕೆ ಒಲ್ಲೆ ಅಂದು ಹೊರಗೆ ಬರುತ್ತಾಳೆ. ಮೊದಲ ಸಲ ನೋಡಿದಾಗ ಅಮ್ಮ ಅಲ್ಲಿ ನಕ್ಕಿದ್ದರು. ಈ ಸಲ ನಗಲಿಲ್ಲ. "ಸದ್ಯ, ಒಪ್ಕೊಂಡ್ಲೇನೋ ಅನ್ಕೊಂಡೆ" ಅಂದರು. ಕತೆ ಗೊತ್ತಿದ್ದೂ!

ಗ್ಯಾಲಪ್ ನಾಳೆಗೆ ಹೋಯಿತು. ಹಾಲು ಉಕ್ಕುತ್ತಿದೆ, ಆಮೇಲೆ ಬರುತ್ತೇನೆ.